ದೋಣಿಮನೆಯ ಚಳಿಗಾಲವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ನಾಲೆಗಳ ಮೇಲಿನ ದೋಣಿಮನೆಗಳ ಬಗ್ಗೆ ಬಂದ ಲೇಖನ ಓದಿದೆ. ಚಾವಣಿಯ ಮೇಲೆ ಹೂಕುಂಡ, ಯುವತಿಯ ಕೈಯಲ್ಲಿ ಕಾಫಿ ಬಟ್ಟಲು, ಪಕ್ಕದಲ್ಲಿ ತೇಲುವ ಹಂಸ. ಚಿತ್ರದ ಕೆಳಗೆ 'ಬಾಡಿಗೆಯೂ ಇಲ್ಲ, ಬವಣೆಯೂ ಇಲ್ಲ' ಎಂಬ ಒಕ್ಕಣೆ. ಚಿತ್ರ ಸುಳ್ಳಲ್ಲ, ಆದರೆ ಅದು ಜೂನ್ ತಿಂಗಳಿನದು. ಅಂಥದ್ದೇ ಒಂದು ದೋಣಿಯಲ್ಲಿ ನಾನೂ ನನ್ನ ಹೆಂಡತಿಯೂ ಕಳೆದ ಚಳಿಗಾಲ ಮೂರು ತಿಂಗಳು ಇದ್ದು ಬಂದಿದ್ದೇವೆ. ದೋಣಿ ನಮ್ಮ ಮಗಳು ಮತ್ತು ಅಳಿಯಂದಿರದು. ಲೇಖನ ಓದಿದ ನಮ್ಮ ಬೀದಿಯ ಇಬ್ಬರು ಎಂಜಿನಿಯರಿಂಗ್ ಹುಡುಗರು ಮನೆಗೇ ಬಂದು, ಅಂಥ ದೋಣಿಗೆ ಎಷ್ಟಾಗುತ್ತದೆ, ಅಲ್ಲಿ ಕೆಲಸ ಸಿಕ್ಕಿದರೆ ಬಾಡಿಗೆ ಉಳಿಸಬಹುದಲ್ಲವೇ ಎಂದು ವಿಚಾರಿಸಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ನಾನು 31 ವರ್ಷ ನೀರಾವರಿ ಇಲಾಖೆಯಲ್ಲಿದ್ದವನು, ಬಹುಪಾಲು ವಿಶ್ವೇಶ್ವರಯ್ಯ ನಾಲೆಯ ಮೇಲೆಯೇ. ನಾಲೆಯೆಂದರೆ ಗದ್ದೆಗೆ ನೀರು ಹೋಗುವ ದಾರಿ ಎಂದು ತಿಳಿದವನಿಗೆ, ಮಗಳು ಅದರ ಮೇಲೆ ಸಂಸಾರ ಹೂಡಿದ್ದಾಳೆ ಎಂದಾಗ ನಿದ್ರೆ ಹತ್ತಿರಲಿಲ್ಲ. ನನ್ನ ಹೆಂಡತಿಗಂತೂ ನೆಂಟರಿಗೆ ಏನೆಂದು ಹೇಳುವುದು ಎಂಬುದೇ ಚಿಂತೆ.

ಮೊದಲಿಗೆ ಒಂದು ತಿದ್ದುಪಡಿ. ಲೇಖನದಲ್ಲಿ ಇದನ್ನು ಕೇರಳದ ಹೌಸ್‌ಬೋಟ್‌ಗೆ ಹೋಲಿಸಿದ್ದೀರಿ. ಇದರ ಹೆಸರು ನ್ಯಾರೋಬೋಟ್, ಹೆಸರಿನಂತೆಯೇ ಇಕ್ಕಟ್ಟು. ಮಗಳ ದೋಣಿಯ ಉದ್ದ 57 ಅಡಿ, ಅಗಲ 6 ಅಡಿ 10 ಅಂಗುಲ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಇಂಗ್ಲೆಂಡಿನ ನಡುಭಾಗದ ನಾಲೆಗಳ ಲಾಕ್‌ಗಳನ್ನು, ಅಂದರೆ ದೋಣಿಯನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿಗಳನ್ನು, ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸಿದ. ಆ ಅಳತೆಯೇ ಇವತ್ತಿಗೂ ಈ ದೋಣಿಗಳ ಮಿತಿ. ಒಳಗೆ ಒಬ್ಬರು ಒಲೆಯ ಮುಂದೆ ನಿಂತಿದ್ದರೆ ಇನ್ನೊಬ್ಬರು ಹಿಂದಿನಿಂದ ದಾಟಲು ಅಪ್ಪಣೆ ಕೇಳಬೇಕು. ಸರಕಿನ ಕಾಲದಲ್ಲಿ ದೋಣಿಯ ತುಂಬ ಕಲ್ಲಿದ್ದಲು ಹೇರಿ, ಹಿಂದಿನ ಹತ್ತಡಿಯೊಳಗಿನ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಬಾಳಿದ್ದರು ಎಂದು ಕೇಳಿದ ಮೇಲೆ ನನ್ನ ಹೆಂಡತಿ ಅಡುಗೆಮನೆಯ ಬಗ್ಗೆ ದೂರುವುದನ್ನು ಬಿಟ್ಟಳು.

ಇನ್ನು 'ಬಾಡಿಗೆಯಿಲ್ಲ' ಎಂಬ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ನಾಲೆ, ನದಿಗಳನ್ನು ನೋಡಿಕೊಳ್ಳುವುದು 2012ರಲ್ಲಿ ಸರ್ಕಾರಿ ಮಂಡಳಿಯ ಜಾಗಕ್ಕೆ ಬಂದ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್. ಅದಕ್ಕೆ ಪ್ರತಿವರ್ಷ ಪರವಾನಗಿ ಶುಲ್ಕ ಕಟ್ಟಬೇಕು. ಮೇಲೆ ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ, ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದೆತ್ತಿ ತಳಕ್ಕೆ ಕಪ್ಪು ಬಣ್ಣ. ಸ್ವಂತ ನಿಲುಗಡೆ ಜಾಗವಿಲ್ಲದವರು ಸುಮ್ಮನೆ ಒಂದೆಡೆ ಇರುವಂತಿಲ್ಲ. 1995ರ ಕಾಯ್ದೆಯ ಪ್ರಕಾರ ಒಂದು ಜಾಗದಲ್ಲಿ 14 ದಿನ, ಆಮೇಲೆ ಮುಂದಕ್ಕೆ ಸಾಗಲೇಬೇಕು. ಹಾಗೆ ಅಲೆಯುವವರಿಗೆ 2024ರ ಏಪ್ರಿಲ್‌ನಿಂದ ಪರವಾನಗಿಯ ಮೇಲೆ ಹೆಚ್ಚುವರಿ ಶುಲ್ಕವೂ ಬಂದಿದೆ. ಮಗಳ ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನಕ್ಕೊಂದು ಕೆಂಪು ಸುತ್ತು ನೋಡಿ ನನಗೆ ನಮ್ಮ ಕಟ್ಟುನೀರಿನ ಸರದಿಪಟ್ಟಿ ನೆನಪಾಯಿತು. ಅಲ್ಲಿ ನೀರು ಊರೂರಿಗೆ ಸರದಿಯಲ್ಲಿ ಹೋಗುತ್ತಿತ್ತು, ಇಲ್ಲಿ ನೀರು ನಿಂತಲ್ಲೇ ನಿಂತು ಮನೆ ಸರದಿಯಲ್ಲಿ ಹೋಗುತ್ತದೆ.

ನಾವು ದೋಣಿ ಹತ್ತಿದ್ದು ನವೆಂಬರ್ ನಡುವಿನಲ್ಲಿ, ಗ್ರ್ಯಾಂಡ್ ಯೂನಿಯನ್ ನಾಲೆಯ ನಾರ್ಟನ್ ಜಂಕ್ಷನ್ ಬಳಿ. ಮೊದಲ ದಿನವೇ ಬ್ರಾನ್‌ಸ್ಟನ್ ಸುರಂಗ. 1796ರದು, ಉದ್ದ 2,042 ಗಜ. ನಮ್ಮ ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗದೊಳಗೆ ನೀರು ನಿಲ್ಲಿಸಿದ್ದಾಗ ಟಾರ್ಚ್ ಹಿಡಿದು ನಡೆದವನು ನಾನು. ಆದರೆ ನೀರು ತುಂಬಿದ ಸುರಂಗದಲ್ಲಿ, ಎದುರಿನಿಂದ ಇನ್ನೊಂದು ದೋಣಿ ಬಂದೀತು ಎನ್ನುವ ಎಚ್ಚರದಲ್ಲಿ, ಚಾವಣಿಯಿಂದ ಕತ್ತಿನೊಳಕ್ಕೆ ತೊಟ್ಟಿಕ್ಕುವ ತಣ್ಣೀರಿನಲ್ಲಿ ಇಪ್ಪತ್ತೈದು ನಿಮಿಷ ಚುಕ್ಕಾಣಿಯ ಪಕ್ಕ ನಿಲ್ಲುವುದು ಬೇರೆ. ನಡುವೆ ಸುರಂಗ ಕೊಂಚ ಸೊಟ್ಟ. ಕಟ್ಟುವಾಗ ಮಣ್ಣು ಸರಿದು ದಿಕ್ಕು ತಪ್ಪಿತಂತೆ. ಇನ್ನೂರು ವರ್ಷದ ಹಿಂದಿನ ಆ ಮೇಲ್ವಿಚಾರಕನ ಬಗ್ಗೆ ನನಗೆ ಒಳಗೊಳಗೇ ಸಹಾನುಭೂತಿ ಮೂಡಿತು.

ಸುರಂಗ ದಾಟಿದರೆ ಆರು ಲಾಕ್ ಇಳಿಯಬೇಕು. ಲಾಕ್ ಎಂದರೆ ನೀರಿನ ಮೆಟ್ಟಿಲು ಎಂದಿಟ್ಟುಕೊಳ್ಳಿ. ಎರಡು ತುದಿಗೂ ಗೇಟಿರುವ ಇಟ್ಟಿಗೆಯ ತೊಟ್ಟಿ, ಅದಕ್ಕೆ ತೂಬುಗಳು. ತೂಬನ್ನು ಎತ್ತುವುದು ವಿಂಡ್‌ಲಸ್ ಎಂಬ ಎಲ್ ಆಕಾರದ ಕಬ್ಬಿಣದ ಹ್ಯಾಂಡಲ್‌ನಿಂದ. ಮೋಟಾರಿಲ್ಲ, ನೀರುಗಂಟಿಯಿಲ್ಲ, ದೋಣಿಯವರೇ ಇಳಿದು ತಿರುಗಿಸಬೇಕು. ಇಳಿಯುವಾಗ ಮೇಲಿನ ಗೇಟಿನ ಬುಡದಲ್ಲಿ ಕಲ್ಲಿನ ಹೊಸ್ತಿಲೊಂದು ನೀರಿನಿಂದ ಮೇಲೇಳುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕುಳಿತರೆ, ಮುಂಭಾಗ ನೀರಿನ ಜೊತೆ ಕೆಳಗಿಳಿದು ದೋಣಿ ಮುಳುಗುತ್ತದೆ. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಮಗಳು ಪ್ರತಿ ಲಾಕ್‌ನಲ್ಲೂ ಅದನ್ನು ಬೆರಳಿಟ್ಟು ತೋರಿಸಿದಳು. ಆರನೆಯ ಸಲ, "ನನಗೆ ಗೊತ್ತಾಯಿತು ಬಿಡಮ್ಮ" ಎಂದೆ. "ಗೊತ್ತಿರುವವರೇ ಮುಳುಗಿಸುವುದು ಅಪ್ಪ" ಎಂದಳು.

ಅವಳ ಮಾತು ಎರಡೇ ವಾರದಲ್ಲಿ ನನಗೇ ತಗುಲಿತು. ನ್ಯಾಪ್ಟನ್‌ನಲ್ಲಿ ಆಕ್ಸ್‌ಫರ್ಡ್ ನಾಲೆ ಒಂಬತ್ತು ಲಾಕ್ ಹತ್ತುತ್ತದೆ. ಡಿಸೆಂಬರ್ ಬೆಳಗ್ಗೆ, ಎಂಟು ಗಂಟೆ ದಾಟಿದರೂ ಸೂರ್ಯ ಸರಿಯಾಗಿ ಮೇಲೆ ಬಂದಿರಲಿಲ್ಲ. ಗೇಟಿನ ಮೇಲಿನ ಕಾಲುಹಲಗೆಗೆ ಇಬ್ಬನಿ ಹೆಪ್ಪುಗಟ್ಟಿ ಸಕ್ಕರೆ ಚೆಲ್ಲಿದಂತೆ ಕಾಣುತ್ತಿತ್ತು. ಮೂರನೆಯ ಲಾಕ್‌ನಲ್ಲಿ ನಾನು ತೂಬು ಎತ್ತಿ, ಚಕ್ರದ ಹಲ್ಲಿಗೆ ತಡೆಗೊಕ್ಕೆ ಬಿತ್ತೆಂದು ನಂಬಿ, ಹ್ಯಾಂಡಲ್ ಅಲ್ಲೇ ಬಿಟ್ಟು ಕೈಗವಸು ಸರಿಪಡಿಸಿಕೊಂಡೆ. ಕೊಕ್ಕೆ ಕೂತಿರಲಿಲ್ಲ. ತೂಬು ದಡದಡನೆ ಕುಸಿಯಿತು, ಹ್ಯಾಂಡಲ್ ಫ್ಯಾನಿನ ರೆಕ್ಕೆಯಂತೆ ತಿರುಗಿ ನನ್ನ ಕಿವಿಯ ಪಕ್ಕದಿಂದ ಹಾರಿ ನೀರಿಗೆ ಬಿತ್ತು. ಅದು ಮುಖಕ್ಕೆ ಬಡಿದು ದವಡೆ ಮುರಿದುಕೊಂಡವರಿದ್ದಾರಂತೆ. ಮಗಳು ಬೈಯಲಿಲ್ಲ, ಮುಖ ಬೆಳ್ಳಗಾಗಿತ್ತು. ಅಳಿಯಂದಿರು ಒಳಗಿನಿಂದ ಹಗ್ಗ ಕಟ್ಟಿದ ದೊಡ್ಡ ಅಯಸ್ಕಾಂತ ತಂದು ಮೌನವಾಗಿ ನನ್ನ ಕೈಗಿತ್ತರು. ಪ್ರತಿ ದೋಣಿಯಲ್ಲೂ ಅದೊಂದು ಇರುತ್ತದಂತೆ, ಅಂದರೆ ಬೀಳಿಸಿಕೊಂಡವನು ನಾನೊಬ್ಬನೇ ಅಲ್ಲ. ಅರ್ಧ ಗಂಟೆ ಕೆದಕಿದೆ. ಬೆರಳ ತುದಿಗಳು ನನ್ನವೆಂದೇ ಅನ್ನಿಸುತ್ತಿರಲಿಲ್ಲ. ಕೊನೆಗೆ ಟಣ್ಣೆಂದು ಕಚ್ಚಿಕೊಂಡು ಬಂದದ್ದು ಒಂದು ವಿಂಡ್‌ಲಸ್ಸೇ, ಆದರೆ ನಮ್ಮದಲ್ಲ. ಯಾವ ಕಾಲದ್ದೋ, ತುಕ್ಕು ಪದರ ಪದರವಾಗಿ ಎದ್ದಿತ್ತು. ನಮ್ಮದು ಇನ್ನೂ ಅಲ್ಲೇ ಕೆಸರಿನಲ್ಲಿದೆ.

ನ್ಯಾಪ್ಟನ್ ಹತ್ತಿದ ಮೇಲೆ ಹನ್ನೊಂದು ಮೈಲಿ ಲಾಕ್ ಇಲ್ಲದ ಎತ್ತರದ ಹರವು. ಈ ನಾಲೆಗೂ ಕೈಹಾಕಿದ್ದ ಬ್ರಿಂಡ್ಲಿ 1772ರಲ್ಲಿ ತೀರಿಕೊಂಡ, ನಾಲೆ ಆಕ್ಸ್‌ಫರ್ಡ್ ಮುಟ್ಟಿದ್ದು 1790ರಲ್ಲಿ. ಗುಡ್ಡ ಕಡಿಯದೆ, ಕಣಿವೆ ತುಂಬದೆ, ಸಮಮಟ್ಟದ ಗೆರೆ ಹಿಡಿದೇ ಹೋಗುವುದು ಅವನ ಪದ್ಧತಿ. ವರ್ಮ್‌ಲೇಟನ್ ಎಂಬ ಹಳ್ಳಿಯನ್ನು ನಾಲೆ ಮೂರು ಕಡೆಯಿಂದ ಬಳಸುತ್ತದೆ. ಬೆಳಗ್ಗೆ ಬಲಗಡೆ ಕಂಡ ಹಳ್ಳಿ ಮಧ್ಯಾಹ್ನದ ಊಟದ ಹೊತ್ತಿಗೂ ಅಲ್ಲೇ ಇತ್ತು. ನನ್ನ ಹೆಂಡತಿ, "ಇವರು ಪ್ರದಕ್ಷಿಣೆ ಹಾಕುತ್ತಿದ್ದಾರೆಯೇ?" ಎಂದು ಕೇಳಿದಳು. ಗಂಟೆಗೆ 4 ಮೈಲಿ ಮಿತಿ, ನಿಂತ ದೋಣಿಗಳ ಪಕ್ಕ ಅದಕ್ಕೂ ನಿಧಾನ. ಮಧ್ಯಾಹ್ನ ನಾಲ್ಕಕ್ಕೆ ಕತ್ತಲು. ಸಂಜೆಯೊಳಗೆ ಗೂಟ ಹೊಡೆದು ಹಗ್ಗ ಕಟ್ಟಿಬಿಡಬೇಕು.

ಒಳಗಿನ ದಿನಚರಿಯೆಂದರೆ ಒಲೆಯ ಸೇವೆ. ಮೊಣಕಾಲೆತ್ತರದ ಎರಕದ ಕಬ್ಬಿಣದ ಒಲೆ, ಹೊಗೆಯಿಲ್ಲದ ಕಲ್ಲಿದ್ದಲಿನ ಉಂಡೆ. ಹೆಪ್ಪುಗಟ್ಟುವ ದಿನಗಳಲ್ಲಿ 25 ಕೆಜಿ ಚೀಲ ಎರಡು ಮೂರು ದಿನಕ್ಕೆ ಖಾಲಿ. ರಾತ್ರಿ ಬೂದಿ ಕೊಡವಿ, ಉಂಡೆ ತುಂಬಿ, ಗಾಳಿಯ ತಿರುಪನ್ನು ಕೂದಲೆಳೆಯಷ್ಟು ಬಿಟ್ಟು ಮುಚ್ಚಿದರೆ ಬೆಳಗ್ಗೆ ಕೆಂಡ ಉಳಿದಿರುತ್ತದೆ. ನನ್ನ ಅಜ್ಜಿ ಬೂದಿಯಡಿ ಕೆಂಡ ಮುಚ್ಚಿಡುತ್ತಿದ್ದಳು, ಆ ಕೈಗುಣ ನನ್ನ ಹೆಂಡತಿಗೆ ಮೂರನೆಯ ರಾತ್ರಿಗೇ ಬಂತು. ಮಗಳಿಗೆ ಬರಲು ಎರಡು ಚಳಿಗಾಲ ಬೇಕಾಗಿತ್ತಂತೆ. ದೋಸೆ ಹಿಟ್ಟಿನ ಪಾತ್ರೆ ಒಲೆಯಿಂದ ಒಂದೂವರೆ ಅಡಿ ದೂರದ ಮೂಲೆಯಲ್ಲಿಟ್ಟರೆ ಹದವಾಗಿ ಉಬ್ಬುತ್ತದೆ. ಒಂದಡಿ ಹತ್ತಿರವಾದರೆ ಒಂದು ಮಗ್ಗುಲು ಬೆಂದೇ ಹೋಗುತ್ತದೆ. ಚಟ್ನಿಯದು ಇನ್ನೊಂದು ಕಥೆ. ಡಿಸೆಂಬರ್‌ನಲ್ಲಿ ಚಾವಣಿಯ ಸೌರಫಲಕ ಹೆಸರಿಗೆ ಮಾತ್ರ. ಬ್ಯಾಟರಿ ತುಂಬಲು ದಿನಕ್ಕೆ ಎರಡು ಗಂಟೆ ಡೀಸೆಲ್ ಎಂಜಿನ್ ಓಡಿಸಬೇಕು. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಅದನ್ನು ಓಡಿಸುವಂತಿಲ್ಲ. ಎಂಜಿನ್ ನಿಂತಿರುವಾಗ ಮಿಕ್ಸಿ ತಿರುಗಿಸಿದರೆ ದೀಪಗಳು ಮಂಕಾಗುತ್ತವೆ. ಆದ್ದರಿಂದ ನಮ್ಮ ಚಟ್ನಿಯ ಮುಹೂರ್ತ ಬೆಳಗ್ಗೆ ಎಂಟೂ ಐದು.

ನನ್ನ ಎರಡನೆಯ ತಪ್ಪನ್ನೂ ಹೇಳಿಬಿಡುತ್ತೇನೆ, ಆ ಹುಡುಗರಿಗೆ ಉಪಯೋಗವಾದೀತು. ಮುಂಬಾಗಿಲಿನ ಕೆಳಗೆ ಒಂದು ಗಾಳಿಕಿಂಡಿ. ಅದರಿಂದ ಕತ್ತಿಯಂತೆ ಚಳಿ ಬಂದು ನೇರ ನನ್ನ ಪಾದಕ್ಕೆ ಬಡಿಯುತ್ತಿತ್ತು. ಒಂದು ರಾತ್ರಿ ಟವೆಲ್ ಮಡಿಸಿ ತುರುಕಿ ಮಲಗಿದೆ. ಬೆಳಗ್ಗೆ ಅದನ್ನು ಕಂಡ ಮಗಳು ಎಂದೂ ಇಲ್ಲದಷ್ಟು ಗಟ್ಟಿಯಾಗಿ ಕೂಗಾಡಿದಳು. ಒಳಗೆ ಕೆಂಡ ಉರಿಯುತ್ತಿರುವಾಗ ಗಾಳಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಅದರ ಎಚ್ಚರಿಕೆ ಗಂಟೆ ದೋಣಿಯಲ್ಲಿ ಕಡ್ಡಾಯ, ನಮ್ಮದರಲ್ಲಿ ಎರಡಿದ್ದವು. ಅವು ಆ ರಾತ್ರಿ ಕೂಗಲಿಲ್ಲ ಎಂಬುದು ನನ್ನ ಪುಣ್ಯ. ನೆಲಮಟ್ಟದ ಆ ಕಿಂಡಿ ಸೋರಿದ ಅಡುಗೆ ಅನಿಲ ಹೊರಹೋಗುವ ದಾರಿಯೂ ಹೌದು. ಅನಿಲ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಅಂದಹಾಗೆ, ಚಳಿಗಾಲಕ್ಕೆ ಅಲ್ಲಿ ಪ್ರೊಪೇನ್ ಸಿಲಿಂಡರೇ ಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲು ಒಪ್ಪುವುದಿಲ್ಲ. ಸಿಲಿಂಡರ್ ಮುಗಿಯುವುದು ಮಾತ್ರ ನಮ್ಮೂರಿನಂತೆಯೇ, ಕಾವಲಿಯ ಮೇಲೆ ದೋಸೆ ಇರುವಾಗ.

ಶೌಚಾಲಯದ ವಿಷಯ ನಿಮ್ಮ ಲೇಖಕರು ಬರೆಯಲಿಲ್ಲ, ನಾನು ಬರೆಯುತ್ತೇನೆ. ಕೆಳಗೆ ಸೂಟ್‌ಕೇಸಿನಂಥ ಡಬ್ಬಿ ಇರುತ್ತದೆ. ನಾಲ್ಕು ಜನರಿಗೆ ಎರಡು ದಿನ ಬರುವುದೇ ಹೆಚ್ಚು. ಅದನ್ನು ಎಳೆದುಕೊಂಡು ದಂಡೆಯ ಮೇಲೆ ನಡೆದು, ನಿಗದಿಯಾದ ಜಾಗದಲ್ಲಿ ಸುರಿದು, ತೊಳೆದು ತರಬೇಕು. ಅಳಿಯಂದಿರಿಂದ ಅದನ್ನು ಹೊರಿಸಲು ನನಗೆ ಮನಸ್ಸು ಬರಲಿಲ್ಲ. ಮಾವನಿಂದ ಹೊರಿಸಲು ಅವರಿಗೆ ಬರಲಿಲ್ಲ. ಕೊನೆಗೆ ಇಬ್ಬರೂ ಒಂದೊಂದು ಡಬ್ಬಿ ಎಳೆದುಕೊಂಡು ಜೊತೆಯಾಗಿ ಹೋಗತೊಡಗಿದೆವು. ಮದುವೆಯಾದ ಆರು ವರ್ಷದಲ್ಲಿ ನಾವಿಬ್ಬರು ಮನಬಿಚ್ಚಿ ಮಾತನಾಡಿದ್ದು ಆ ದಾರಿಯಲ್ಲಿಯೇ. ನನ್ನ ಹೆಂಡತಿ ಹಿಂದಿರುಗಿದ ನಮಗೆ ಬಿಸಿನೀರು ಸುರಿಯದೆ ಒಳಗೆ ಬಿಡುತ್ತಿರಲಿಲ್ಲ. ಆ ಬಿಸಿನೀರು ಟ್ಯಾಂಕಿನದಾದ್ದರಿಂದ ಮಗಳಿಗೆ ಸಿಟ್ಟು.

ಜನವರಿಯ ಮೊದಲ ವಾರ ಫೆನಿ ಕಾಂಪ್ಟನ್ ಬಳಿ ನಾಲೆ ಹೆಪ್ಪುಗಟ್ಟಿತು. ಬೆಳಗಿನ ಜಾವ ಎಚ್ಚರವಾದದ್ದು ಸದ್ದಿಗಲ್ಲ, ಸದ್ದಿಲ್ಲದ್ದಕ್ಕೆ. ದೋಣಿ ಅಲುಗುತ್ತಿರಲಿಲ್ಲ. ಹೊರಗೆ ಬಾತುಕೋಳಿಯೊಂದು ನೀರಿನ ಮೇಲೆ ನಡೆಯುತ್ತಿತ್ತು, ಎರಡು ಹೆಜ್ಜೆಗೊಮ್ಮೆ ಜಾರುತ್ತಿತ್ತು. ಕಿಟಕಿಯ ಒಳಮೈಯಲ್ಲಿ ನಮ್ಮ ನಾಲ್ವರ ಉಸಿರು ಬೆಳ್ಳಗೆ ಜರೀಗಿಡದಂತೆ ಮೂಡಿತ್ತು. ದಂಡೆಯ ನಲ್ಲಿಯೂ ಕಟ್ಟಿಹೋಗಿತ್ತು. ಕಾಸಿದ ನೀರಿನ ರಬ್ಬರ್ ಚೀಲವನ್ನು ಅದಕ್ಕೆ ಕಟ್ಟಿ ಇಪ್ಪತ್ತು ನಿಮಿಷ ಕಾದ ಮೇಲೆ ನಾಲ್ಕು ಹನಿ ಉಗುಳಿತು. ಹಿಮ ಒಡೆದು ಹೋಗಬಹುದಲ್ಲ ಎಂದೆ. ಒಡೆದ ಹಾಳೆ ಪಕ್ಕದ ಫೈಬರ್ ದೋಣಿಗಳ ಮೈ ಸೀಳುತ್ತದೆ, ಆದ್ದರಿಂದ ಮರ್ಯಾದಸ್ಥರು ಕದಲುವುದಿಲ್ಲ ಎಂದರು ಅಳಿಯಂದಿರು. ಐದನೆಯ ದಿನ ಕಲ್ಲಿದ್ದಲು, ಡೀಸೆಲ್ ಮಾರುವ ದೋಣಿ ತೆಳುಹಿಮ ಮುರಿದುಕೊಂಡು ಬಂತು. ಅರ್ಧ ಮೈಲಿ ದೂರದಿಂದಲೇ ಹಿಮ ತಂತಿ ಮೀಟಿದಂತೆ ಕುಂಯ್‌ಗುಟ್ಟಿ ನಮ್ಮ ಉಕ್ಕಿನ ಗೋಡೆಯೆಲ್ಲ ಝುಂ ಎಂದಿತು. ಹಿಂದೆ ಹಿಮ ಒಡೆಯಲೆಂದೇ ಕುದುರೆಗಳು ಎಳೆಯುವ ದೋಣಿಗಳಿದ್ದವು. ನಡುವಿನ ಕಂಬಿ ಹಿಡಿದು ಸಾಲಾಗಿ ನಿಂತ ಆಳುಗಳು ಅದನ್ನು ಎಡಕ್ಕೂ ಬಲಕ್ಕೂ ತೂಗಾಡಿಸುತ್ತಿದ್ದರು. 1962-63ರ ಚಳಿಗಾಲದಲ್ಲಿ ಯಾವುದೂ ನಡೆಯಲಿಲ್ಲ. ವಾರಗಟ್ಟಲೆ ಸರಕು ದೋಣಿಗಳು ಸಿಕ್ಕಿಬಿದ್ದವು, ಗಿರಾಕಿಗಳು ಲಾರಿಗೆ ಹೋದರು. ಮೊದಲೇ ಕುಂದಿದ್ದ ದೋಣಿಯವರ ಕಸುಬು ಆಮೇಲೆ ಚೇತರಿಸಲಿಲ್ಲ.

ಹಿಮ ಕರಗುವ ಹೊತ್ತಿಗೆ ಮುಂದಿನ ಲಾಕ್ ಒಂದನ್ನು ದುರಸ್ತಿಗೆ ಮುಚ್ಚಿದ್ದರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಇಂಥ ಕೆಲಸದ ಕಾಲ. ಯಾವ ಲಾಕ್, ಯಾವ ತಾರೀಖಿನಿಂದ ಯಾವ ತಾರೀಖಿಗೆ ಎಂಬ ಪಟ್ಟಿ ತಿಂಗಳುಗಳ ಮೊದಲೇ ಬಂದಿರುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ನಾಲೆ ನಿಲ್ಲಿಸಿ ಹೂಳೆತ್ತುವುದನ್ನು ಮಾಡಿಸಿದವನಿಗೆ ಮನೆಯಲ್ಲಿ ಕೂರಲಾಗಲಿಲ್ಲ, ನಡೆದು ಹೋಗಿ ನೋಡಿ ಬಂದೆ. ಇಟ್ಟಿಗೆ ಗೋಡೆಯ ಸೀಳುಗಳಲ್ಲಿ ಹಲಗೆ ಮೇಲೆ ಹಲಗೆ ಇಳಿಸಿ ನೀರು ಕಟ್ಟಿದ್ದರು, ಅಂಚಿನ ಸೋರಿಕೆಗೆ ಬೂದಿ ತುಂಬಿದ್ದರು. ನಾವೂ ಹೀಗೆಯೇ ಮಾಡುತ್ತಿದ್ದೆವು, ಬೂದಿಯ ಬದಲು ಜೇಡಿ, ಹುಲ್ಲು. ಖಾಲಿ ತೊಟ್ಟಿಯ ಗೋಡೆಯಲ್ಲಿ ಇನ್ನೂರು ವರ್ಷ ದೋಣಿಗಳು ಉಜ್ಜಿದ ಗೀರು. ಓಕ್ ಮರದ ಹೊಸ ಗೇಟು ಆ ಲಾಕ್‌ನ ಅಳತೆಗೇ ಮಾಡಿದ್ದು. ಅಂಥವನ್ನು ಬ್ರ್ಯಾಡ್ಲಿ ಮತ್ತು ಸ್ಟ್ಯಾನ್ಲಿ ಫೆರಿಯ ಕಾರ್ಖಾನೆಗಳಲ್ಲಿ ಮಾಡುತ್ತಾರೆ, ಬಾಳಿಕೆ ಸುಮಾರು 25 ವರ್ಷ. ಬೇಲಿಯಾಚೆ ನಿಂತಿದ್ದ ನನ್ನನ್ನು ಮೇಸ್ತ್ರಿಯೊಬ್ಬ ನೋಡಿ, ಏನು ಬೇಕಿತ್ತು ಎಂದ. ನಾನೂ ಇದೇ ಕೆಲಸದವನು ಎಂದೆ. ಫ್ಲಾಸ್ಕಿನಿಂದ ಚಹಾ ಕೊಟ್ಟು, ಗೇಟಿನ ಅಂಚು ಎಷ್ಟು ಎಳೆ ಬಿಗಿಯಾಗಿರಬೇಕು ಎಂದು ಬೆರಳಿಂದ ತೋರಿಸಿದ. ಅವನ ಇಂಗ್ಲಿಷ್ ನನಗೆ ಅರ್ಧ ತಿಳಿಯಲಿಲ್ಲ, ಕೆಲಸ ಪೂರ್ತಿ ತಿಳಿಯಿತು.

ನೀರು ಕಟ್ಟಿದ ಕಾರಣ ಹದಿನಾಲ್ಕು ದಿನದ ಗಡುವಿಗೂ ವಿನಾಯಿತಿ ಇತ್ತು, ಪರಿಸ್ಥಿತಿ ನೋಡಿ ಹೆಚ್ಚು ದಿನ ನಿಲ್ಲಲು ಕಾಯ್ದೆಯೇ ಅವಕಾಶ ಕೊಡುತ್ತದೆ. ನಾವು ಫೆನಿ ಕಾಂಪ್ಟನ್‌ನಿಂದಲೇ ಟ್ಯಾಕ್ಸಿಯಲ್ಲಿ ಬ್ಯಾನ್‌ಬರಿಗೆ ಹೋಗಿ ರೈಲು ಹಿಡಿದೆವು. ಹೊರಡುವ ಬೆಳಗ್ಗೆ ನನ್ನ ಹೆಂಡತಿ ಒಲೆಗೆ ಉಂಡೆ ತುಂಬಿ, ಗಾಳಿಯ ತಿರುಪು ಎಷ್ಟಿರಬೇಕೆಂದು ಮಗಳಿಗೆ ಮತ್ತೊಮ್ಮೆ ತೋರಿಸಿಕೊಟ್ಟಳು.

ಆ ಇಬ್ಬರು ಹುಡುಗರಿಗೆ ನಾನು ಬೇಡ ಎನ್ನಲಿಲ್ಲ. ಹೋಗುವುದಾದರೆ ದೋಣಿ ಕೊಳ್ಳುವ ಮೊದಲು ಒಂದು ಜನವರಿ ತಿಂಗಳು ಬಾಡಿಗೆ ದೋಣಿಯಲ್ಲಿದ್ದು ನೋಡಿ ಎಂದೆ. ನಿಮ್ಮ ಪುರವಣಿಗೂ ಬೇಡಿಕೆ ಅಷ್ಟೇ: ಬರುವ ಜನವರಿಯ ಚಿತ್ರವೊಂದನ್ನೂ ಹಾಕಿ, ಬೇಕಿದ್ದರೆ ಮಗಳಿಂದ ತರಿಸಿಕೊಡುತ್ತೇನೆ. ನ್ಯಾಪ್ಟನ್‌ನ ಕೆಸರಿನಿಂದ ಬಂದ ತುಕ್ಕು ವಿಂಡ್‌ಲಸ್ ನನ್ನ ಮೇಜಿನ ಮೇಲಿದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿ ಅದನ್ನೆತ್ತಿ ಹಿಡಿದು, "ಏನಿದು ಸಾರ್?" ಎಂದರು. "ತೂಬಿನ ಹ್ಯಾಂಡಲ್" ಎಂದೆ. ಅವರು ಪಾಂಡವಪುರದವರಂತೆ, ಮರುಮಾತಿಲ್ಲದೆ ಒಳಗಿಟ್ಟರು. ನಿಮ್ಮ ಲೇಖಕರು ಮಂಡ್ಯದ ಕಡೆ ಬಂದರೆ ತೋರಿಸುತ್ತೇನೆ.

ಇಂತಿ,
ನಿವೃತ್ತ ಸಹಾಯಕ ಎಂಜಿನಿಯರ್,
ಮಂಡ್ಯ